ಕೂಲಿಯಲ್ಲಿ ಉಳಿಸಿ, ಸಾಮಾನಿಗೆ ಸುರಿಯಿರಿ

ಗುಡೇಮಾರನಹಳ್ಳಿ ಹ್ಯಾಂಡ್‌ಪೋಸ್ಟಿನ ಆಸುಪಾಸಿನಲ್ಲಿ, ಸೋಲೂರು, ಕುದೂರು, ಮಾಗಡಿ ಕಡೆಯ ಊರುಗಳಲ್ಲಿ ಹಳೆಯ ಕಾರು, ಹಳೆಯ ಓಮ್ನಿ ಇಟ್ಟುಕೊಂಡಿರುವ ಎಲ್ಲರಿಗೂ,

ನಿಮ್ಮಲ್ಲಿ ಹಲವರ ಮನೆಮುಂದೆ ನಿಂತಿರುವ ಗಾಡಿಗೆ ಕಾಲೇಜಿಗೆ ಹೋಗುವ ಮಕ್ಕಳಷ್ಟು ವಯಸ್ಸಾಗಿದೆ. ಮಾರುತಿ 800 ತಯಾರಾಗುವುದು 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ಅಂದರೆ ನಮ್ಮ ಸುತ್ತ ಓಡುತ್ತಿರುವ ಅತಿ ಕಿರಿಯ 800 ಕೂಡ ಹತ್ತು ವರ್ಷ ದಾಟಿದೆ. ಎಷ್ಟೋ ಗಾಡಿಗಳ ಮೀಟರು ಲಕ್ಷದ ಗಡಿಯನ್ನು ಎಂದೋ ದಾಟಿ ಹೋಯಿತು; ಕೆಲವುಗಳ ಮೀಟರು ಲೆಕ್ಕ ಇಡುವುದನ್ನೇ ಬಿಟ್ಟಿದೆ. ಆದರೂ ಇವು ಗುಜರಿಗೆ ಹೋಗುವ ಗಾಡಿಗಳಲ್ಲ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು, ನೆಲಮಂಗಲದ ಕಡೆಗೆ ತರಕಾರಿ, ಅರ್ಧರಾತ್ರಿಯಲ್ಲಿ ಆಸ್ಪತ್ರೆಗೆ ಹೆರಿಗೆಯ ಹೆಂಗಸು, ಎಲ್ಲವೂ ಇವುಗಳ ಮೇಲೆಯೇ. ದೆಹಲಿಯ ಸುತ್ತ ತಂದಂಥ, ಹತ್ತು–ಹದಿನೈದು ವರ್ಷ ದಾಟಿದ ಗಾಡಿ ಓಡಬಾರದೆಂಬ ಕಟ್ಟಳೆ ಇಲ್ಲಿಲ್ಲ. ಹದಿನೈದು ತುಂಬಿದ ಮೇಲೆ ಆರ್‌ಟಿಒ ಮುಂದೆ ನಿಲ್ಲಿಸಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಓಡಿಸಬಹುದು. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಜಿಗಿಯಿತು. ಅಷ್ಟನ್ನು ಕಟ್ಟಿದವರು ಮುಂದಿನ ಖರ್ಚೆಲ್ಲ ಹಿಡಿತದಲ್ಲಿರಲಿ ಎಂದುಕೊಳ್ಳುವುದು ಸಹಜ. ಆ ಹಿಡಿತ ಮೊದಲು ಬೀಳುವುದು ಬ್ರೇಕಿನ ಮೇಲೆ; ಏಕೆಂದರೆ ಬ್ರೇಕು ಅರ್ಧ ಸತ್ತಿದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಊರೊಳಗೆ ನಿಲ್ಲುತ್ತದೆ ಕೂಡ.

ಈ ಪತ್ರದಲ್ಲಿ ನಾನು ವಾದಿಸುವುದು ಒಂದೇ ಮಾತನ್ನು. ಸವೆದ ಬ್ರೇಕ್ ಪ್ಯಾಡನ್ನು ಮನೆಯಂಗಳದಲ್ಲಿ ನೀವೇ ಬದಲಿಸಿಕೊಳ್ಳಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೀಗೆ ಉಳಿದ ಕೂಲಿ ಜೇಬಿಗೆ ಹೋಗಕೂಡದು; ಒಳ್ಳೆಯ ಪ್ಯಾಡಿಗೆ, ಹೊಸ ಬ್ರೇಕ್ ಆಯಿಲಿಗೆ, ಬಿರಿದ ರಬ್ಬರು ಪೈಪಿಗೆ ಹೋಗಬೇಕು. ಬ್ರೇಕಿನ ವಿಚಾರದಲ್ಲಿ ಎರಡು ಬಗೆಯ ಜನರ ಮಾತು ಕೇಳಿಬರುತ್ತದೆ. ಬ್ರೇಕಿಗೆ ಕೈ ಹಾಕಲೇಬೇಡಿ, ಅದು ಮೆಕ್ಯಾನಿಕ್ ಕೆಲಸ ಎನ್ನುವವರು ಒಂದು ಕಡೆ. ಲೋಕಲ್ ಪ್ಯಾಡು ಹಾಕಿ ಬಿಸಾಕಿ, ಹಳೇ ಗಾಡಿಗೆ ಇನ್ನೇನು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕೆಲಸವನ್ನೂ ಸಾಮಾನನ್ನೂ ಕಲಸಿ ಒಂದೇ ಲೆಕ್ಕ ಮಾಡುತ್ತಾರೆ. ಇವೆರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡಿದರೆ ಯಾವುದರಲ್ಲಿ ಅಗ್ಗ ಸಲ್ಲುತ್ತದೆ, ಯಾವುದರಲ್ಲಿ ಸಲ್ಲದು ಎಂಬುದು ತಾನಾಗಿ ಬಯಲಾಗುತ್ತದೆ.

ಮೊದಲು ರಸ್ತೆಯನ್ನೇ ನೋಡೋಣ. ಹಳ್ಳಿಯ ಒಳರಸ್ತೆಯಲ್ಲಿ ಮೂವತ್ತು ನಲವತ್ತರ ವೇಗದಲ್ಲಿ ಬಂದ ಗಾಡಿ ಹ್ಯಾಂಡ್‌ಪೋಸ್ಟಿನಲ್ಲಿ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಸೇರುತ್ತದೆ. ಅಲ್ಲಿ ಹಾಸನ, ಮಂಗಳೂರಿನ ಕಡೆಯಿಂದ ಬರುವವರು ಎಂಬತ್ತು ನೂರರಲ್ಲಿರುತ್ತಾರೆ. ನಿಮ್ಮ ಹಳೆಯ ಕಾರೂ ಅವರ ಜೊತೆ ಎಂಬತ್ತಕ್ಕೆ ಏರಲೇಬೇಕಾಗುತ್ತದೆ. ನಾಲ್ವರು ಕೂತ ಮಾರುತಿ 800 ಹತ್ತಿರಹತ್ತಿರ 900 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಎಂಬತ್ತರ ವೇಗದಲ್ಲಿ ಅದರೊಳಗಿನ ಚಲನಶಕ್ತಿ ಸುಮಾರು 220 ಕಿಲೋಜೂಲ್. ಮುಕ್ಕಾಲು ಲೀಟರಿಗೆ ತುಸು ಕಡಿಮೆ ತಣ್ಣೀರನ್ನು ಕೊತಕೊತ ಕುದಿಸುವಷ್ಟು ಶಾಖ ಅದು. ಒಲೆಯ ಮೇಲೆ ಇದಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಅದೇ ಶಾಖ ಮೂರು ಸೆಕೆಂಡು ಚಿಲ್ಲರೆಯಲ್ಲಿ ಹುಟ್ಟುತ್ತದೆ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ನುಂಗಬೇಕಾದವು ಮುಂದಿನ ಎರಡು ಚಕ್ರಗಳ ಡಿಸ್ಕು ಮತ್ತು ಅಂಗೈಗಿಂತ ಚಿಕ್ಕದಾದ ನಾಲ್ಕು ಪ್ಯಾಡುಗಳು. ವೇಗ ಇಮ್ಮಡಿಯಾದರೆ ಈ ಶಕ್ತಿ ನಾಲ್ಕುಪಟ್ಟಾಗುತ್ತದೆ. ಆದ್ದರಿಂದ ಊರೊಳಗೆ ನಲವತ್ತರಲ್ಲಿ ಚೆನ್ನಾಗಿ ಹಿಡಿಯಿತು ಎಂಬುದು ಹೆದ್ದಾರಿಯ ಎಂಬತ್ತಕ್ಕೆ ಸಾಕ್ಷಿಯಾಗಲಾರದು. ಅಲ್ಲಿ ನಡೆಯುವುದು ನಾಲ್ಕರಷ್ಟು ಕಠಿಣವಾದ ಬೇರೆಯೇ ಪರೀಕ್ಷೆ.

ಲೋಕಲ್ ಪ್ಯಾಡಿನ ಗುಟ್ಟು ಇರುವುದು ಇಲ್ಲೇ. ಪ್ಯಾಡು ಎಂದರೆ ಉಕ್ಕಿನ ತಗಡಿನ ಮೇಲೆ ಅಂಟಿಸಿದ ಒಂದು ಮಿಶ್ರಣ: ನಾರು, ಲೋಹದ ಪುಡಿ, ಗ್ರಾಫೈಟು, ಇವನ್ನೆಲ್ಲ ಹಿಡಿದಿಡುವ ರಾಳದ ಅಂಟು. ತಣ್ಣಗಿರುವಾಗ ಎಂಥ ಮಿಶ್ರಣವಾದರೂ ಡಿಸ್ಕನ್ನು ಹಿಡಿಯುತ್ತದೆ. ಮೆತ್ತನೆಯ ಅಗ್ಗದ ಮಾಲು ತಣ್ಣಗಿರುವಾಗ ಒಳ್ಳೆಯದಕ್ಕಿಂತ ಚುರುಕಾಗಿ ಹಿಡಿದ ಹಾಗೆ ಕಾಣುವುದೂ ಉಂಟು. ಬಿಸಿ ಏರಿದಾಗ ಕೆಳದರ್ಜೆಯ ರಾಳ ಸುಟ್ಟು ಅನಿಲ ಬಿಡುತ್ತದೆ, ಪ್ಯಾಡಿನ ಮೈ ಗಾಜಿನಂತೆ ನುಣುಪಾಗುತ್ತದೆ, ಘರ್ಷಣೆ ಕುಸಿಯುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕಿರುವ ಕಾರು ಎಂಬತ್ತರಿಂದ ಸುಮಾರು 36 ಮೀಟರಿನಲ್ಲಿ ನಿಲ್ಲಬಲ್ಲದು. ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿಗೆ ಇನ್ನೊಂದು 22 ಮೀಟರು ಸೇರಿಸಿ. ಹಿಡಿತ ಅರ್ಧಕ್ಕೆ ಇಳಿಯಿತೆಂದರೆ 36 ಇದ್ದದ್ದು 72 ಆಗುತ್ತದೆ. ಒಳ್ಳೆಯ ಬ್ರೇಕಿನ ಕಾರು ನಿಂತ ಜಾಗಕ್ಕೆ ಬಂದಾಗ ಈ ಕಾರು ಇನ್ನೂ ಐವತ್ತಾರರ ವೇಗದಲ್ಲಿರುತ್ತದೆ. ರಸ್ತೆ ದಾಟುತ್ತಿರುವ ಹಾಲಿನ ಕ್ಯಾನಿನ ಬೈಕಿಗೆ ಈ ವ್ಯತ್ಯಾಸ ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಈ ಎರಡು ಪ್ಯಾಡುಗಳನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಭೇದ ಕಾಣದು, ಬೆಲೆಯಲ್ಲಿ ಕೆಲವು ನೂರು ರೂಪಾಯಿಯ ಅಂತರ ಮಾತ್ರ ಕಾಣುತ್ತದೆ.

ಬ್ರೇಕಿನ ಇತಿಹಾಸ ಕೂಡ ಇದನ್ನೇ ಹೇಳುತ್ತದೆ. 1888ರ ಆಗಸ್ಟ್‌ನಲ್ಲಿ ಬೆರ್ಥಾ ಬೆಂಜ್ ಎಂಬಾಕೆ ಗಂಡನಿಗೆ ಹೇಳದೆ ಆತ ಕಟ್ಟಿದ ಕಾರನ್ನೇರಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರ್ ದಾಟಿದ ದಾರಿ ಸವೆಸಿದಳು. ಇಳಿಜಾರುಗಳಲ್ಲಿ ಮರದ ಬ್ರೇಕ್ ತುಂಡುಗಳು ಸವೆದುಹೋದಾಗ ದಾರಿಯಲ್ಲೊಬ್ಬ ಚಮ್ಮಾರನನ್ನು ಹಿಡಿದು ಅವಕ್ಕೆ ಚರ್ಮ ಹೊಡೆಸಿದಳು. ಜಗತ್ತಿನ ಮೊದಲ ಬ್ರೇಕ್ ಲೈನಿಂಗ್ ಎಂದು ಇಂದು ಕರೆಯುವುದು ಅದನ್ನೇ. ಅದನ್ನು ಕೂರಿಸಿದ ಕೈ ಮೆಕ್ಯಾನಿಕ್‌ನದಾಗಿರಲಿಲ್ಲ. ಆ ಕಸುಬೇ ಆಗ ಹುಟ್ಟಿರಲಿಲ್ಲ. ಕೂರಿಸುವುದು ಅಂದೂ ಸುಲಭದ ಕೆಲಸವಾಗಿತ್ತು. ಚರ್ಮ ಮುಂದೆ ಬಾಳಲಿಲ್ಲ ಎಂಬುದು ಬೇರೆ ಮಾತು. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಕುದುರೆಗಾಡಿಗಳ ಬ್ರೇಕಿನ ಸಾಮಗ್ರಿಯನ್ನೇ ಬೆನ್ನುಹತ್ತಿ ಫೆರೋಡೊ ಕಂಪನಿಗೆ ಅಡಿಪಾಯ ಹಾಕಿದ. ಅಲ್ಲಿಂದ ಇಲ್ಲಿಯವರೆಗೆ ಜನ ತಲೆ ಕೆಡಿಸಿಕೊಂಡಿರುವುದು ಹೆಚ್ಚಾಗಿ ಉಜ್ಜಿಕೊಳ್ಳುವ ವಸ್ತು ಏನಿರಬೇಕು ಎಂಬುದರ ಬಗ್ಗೆ. ನಮ್ಮ ಪಕ್ಕದ ಚೆನ್ನೈಯಲ್ಲಿ ಬ್ರೇಕ್ಸ್ ಇಂಡಿಯಾ, ರಾಣೆ, ಸುಂದರಂ ಹೆಸರಿನ ಕಂಪನಿಗಳು ದಶಕಗಳಿಂದ ಕೆಲಸ ಮಾಡುತ್ತಿರುವುದೂ ಇದರ ಮೇಲೆಯೇ. ಪ್ಯಾಡು ಕೊಳ್ಳುವಾಗ ನೀವು ಹಣ ಕೊಡುವುದು ಆ ಮಿಶ್ರಣದ ಹಿಂದಿನ ಪರೀಕ್ಷೆಗಳಿಗೆ. ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಪ್ಯಾಡಿನ ಪರೀಕ್ಷೆ ನಿಮ್ಮ ಗಾಡಿಯ ಮೇಲೆ, ನಿಮ್ಮನ್ನು ಕೂರಿಸಿಕೊಂಡು ನಡೆಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಎರಡೂ ಸಿಗುತ್ತವೆ, ಒಂದೇ ಕೌಂಟರಿನ ಮೇಲೆ. ಬಿಲ್ಲು ಕೊಡುವ ಅಂಗಡಿಯಲ್ಲಿ, ಮುದ್ರಣ ಮಸುಕಾಗದ, ಸೀಲು ಒಡೆಯದ ಪೊಟ್ಟಣ ಕೊಳ್ಳಿ. ಬಿಲ್ಲು ಕೇಳಿದಾಗ ಬೆಲೆ ಬದಲಾದರೆ ಆ ಮಾಲು ಯಾವುದೆಂದು ಗೊತ್ತಾದಂತೆಯೇ.

ಇನ್ನು ಕೂಲಿಯ ಕಡೆಗೆ. ಮುಂದಿನ ಡಿಸ್ಕ್ ಬ್ರೇಕಿನ ರಚನೆ ಬಲು ಸರಳ. ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಜಾಕಿಯೆತ್ತಿ, ಚಕ್ರ ಬಿಚ್ಚಿದರೆ ಡಿಸ್ಕನ್ನು ಕವುಚಿಕೊಂಡ ಕ್ಯಾಲಿಪರ್ ಎದುರಿಗೇ ಇರುತ್ತದೆ. ಅದರ ಕೆಳಗಿನ ಪಿನ್ನಿನ ಬೋಲ್ಟು ಬಿಚ್ಚಿ ಮೇಲಕ್ಕೆ ಮಗುಚಿದರೆ ಪ್ಯಾಡುಗಳು ಕೈಗೆ ಬರುತ್ತವೆ. ಹೊಸ ಪ್ಯಾಡು ದಪ್ಪವಿರುವುದರಿಂದ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ಹಳೆಯ ಪ್ಯಾಡನ್ನು ಅಡ್ಡ ಇಟ್ಟು ಜಿ-ಕ್ಲ್ಯಾಂಪಿನಿಂದ ನಿಧಾನವಾಗಿ ಒತ್ತಿದರೆ ಹೋಗುತ್ತದೆ. ಒತ್ತುವಾಗ ಬಾನೆಟ್ಟಿನೊಳಗಿನ ಆಯಿಲ್ ಡಬ್ಬಿ ತುಂಬಿ ಚೆಲ್ಲದಂತೆ ನೋಡಿಕೊಳ್ಳಿ, ಅದು ಬಿದ್ದಲ್ಲಿ ಬಣ್ಣ ಎದ್ದುಹೋಗುತ್ತದೆ. ಕ್ಯಾಲಿಪರನ್ನು ಪೂರ್ತಿ ಬಿಚ್ಚಬೇಕಾಗಿ ಬಂದರೆ ರಬ್ಬರು ಪೈಪಿನ ಮೇಲೆ ಜೋತು ಬಿಡದೆ ತಂತಿಯಿಂದ ಕಟ್ಟಿ. ಒಂದು ಚಕ್ರ ಮುಗಿಯುವವರೆಗೆ ಇನ್ನೊಂದಕ್ಕೆ ಕೈ ಹಾಕಬೇಡಿ. ಯಾವ ಕ್ಲಿಪ್ಪು ಎಲ್ಲಿತ್ತು ಎಂದು ಮರೆತರೆ ಆಚೆ ಬದಿಯದು ಹಾಗೇ ಇರುತ್ತದೆ, ನೋಡಿ ಕೂರಿಸಬಹುದು. ಎಡಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹೊಸದು ಹಾಕಿ, ಇಲ್ಲವಾದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಎಲ್ಲ ಕೂಡಿಸಿದ ಮೇಲೆ, ಗಾಡಿ ಒಂದಡಿಯೂ ಚಲಿಸುವ ಮೊದಲು, ಪೆಡಲನ್ನು ಗಟ್ಟಿಯಾಗುವವರೆಗೆ ತುಳಿಯಿರಿ. ಹಿಂದೆ ಸರಿದ ಪಿಸ್ಟನ್ನು ಪ್ಯಾಡನ್ನು ಮುಟ್ಟಲು ಹಲವು ಬಾರಿ ತುಳಿಯಬೇಕಾಗುತ್ತದೆ. ಇದನ್ನು ಮರೆತವರ ಗಾಡಿ ಅಂಗಳದಿಂದ ನೇರ ಗೋಡೆಗೆ ಹೋಗುತ್ತದೆ. ಇಷ್ಟರಲ್ಲಿ ಜಾಣ್ಮೆಗಿಂತ ತಾಳ್ಮೆಯೇ ಹೆಚ್ಚು ಬೇಕು, ತಾಳ್ಮೆ ಗ್ಯಾರೇಜಿಗಿಂತ ಮನೆಯಲ್ಲಿ ಹೆಚ್ಚು ಸಿಗುತ್ತದೆ.

ಈ ಕೆಲಸದಲ್ಲಿ ನಿಜವಾದ ಅಪಾಯ ಬ್ರೇಕಿನಲ್ಲಿಲ್ಲ, ಜಾಕಿಯಲ್ಲಿದೆ. ಗಾಡಿಯ ಜೊತೆ ಬರುವ ಜಾಕಿ ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ ಇರುವಂಥದು. ನಮ್ಮಲ್ಲಿ ಎತ್ತಿದ ಗಾಡಿಯ ಕೆಳಗೆ ಹಾಲೋ ಬ್ಲಾಕ್ ಇಡುವ ರೂಢಿ ಇದೆ, ಅದನ್ನು ಬಿಡಲೇಬೇಕು: ಸಿಮೆಂಟಿನ ಟೊಳ್ಳು ಇಟ್ಟಿಗೆ ಒಂದು ಬಿಂದುವಿನ ಮೇಲೆ ಭಾರ ಬಿದ್ದಾಗ ಸುಳಿವು ಕೊಡದೆ ಪುಡಿಯಾಗುತ್ತದೆ. ಜಾಕ್ ಸ್ಟ್ಯಾಂಡ್ ಇಡಿ, ಬಿಚ್ಚಿದ ಚಕ್ರವನ್ನು ಗಾಡಿಯ ಅಂಚಿನ ಕೆಳಗೆ ಮಲಗಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಮಳೆಗೆ ನೆಂದ ಮಣ್ಣಂಗಳದಲ್ಲಿ ಜಾಕಿ ಹಾಕುವುದಾದರೆ ಅಡಿಗೊಂದು ದಪ್ಪ ಹಲಗೆ ಇರಲಿ.

ಹೆಚ್ಚು ಓಡಿದ ಗಾಡಿಯಲ್ಲಿ ಸವೆಯುವುದು ಪ್ಯಾಡೊಂದೇ ಅಲ್ಲ, ಪ್ಯಾಡು ಕಣ್ಣಿಗೆ ಬೀಳುವ ಭಾಗ ಅಷ್ಟೇ. ಕೂಲಿ ಉಳಿಸಿದ ಹಣ ಸಾಮಾನಿಗೆ ಹೋಗಲಿ ಎಂದು ನಾನು ಹಟ ಹಿಡಿದಿರುವುದು ಇದಕ್ಕಾಗಿಯೇ. ಡಿಸ್ಕಿನ ಅಂಚಿನಲ್ಲೋ ನಡುವಿನಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕಿಗೆ ಹೊಸ ಪ್ಯಾಡು ಹಾಕುವುದು ದಂಡ, ಶಾಖ ಹೀರುವ ಲೋಹವೇ ಅಲ್ಲಿ ಉಳಿದಿಲ್ಲ. ಒಳಗಿನ ಪ್ಯಾಡು ನೆಲಕಚ್ಚಿ ಹೊರಗಿನದು ದಪ್ಪವಾಗಿಯೇ ಇದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕಿನಿಂದ ಹಿಡಿದುಕೊಂಡಿವೆ ಎಂದರ್ಥ. ಅವನ್ನು ತೊಳೆದು, ಬಿಸಿ ತಾಳುವ ಬ್ರೇಕ್ ಗ್ರೀಸು ಹಚ್ಚದೆ ಪ್ಯಾಡು ಮಾತ್ರ ಬದಲಿಸಿದರೆ ಹೊಸದೂ ಅದೇ ರೀತಿ ಸವೆಯುತ್ತದೆ. ಬೇರಿಂಗಿಗೆ ತುಂಬುವ ಮಾಮೂಲಿ ಗ್ರೀಸು ಇಲ್ಲಿ ಬೇಡ, ರಬ್ಬರು ಉಬ್ಬುತ್ತದೆ. ಚಕ್ರದ ಬಳಿ ಬರುವ ರಬ್ಬರು ಪೈಪು ಹೊರಗೆ ಬಿರಿದಿದೆಯೇ ನೋಡಿ. ಹಳೆಯ ಪೈಪುಗಳು ಒಳಗೂ ಊದಿಕೊಂಡು ಆಯಿಲನ್ನು ಹೋಗಲು ಬಿಟ್ಟು ಹಿಂದಿರುಗಲು ಬಿಡುವುದಿಲ್ಲ, ಆಗ ಒಂದು ಚಕ್ರ ಸದಾ ಉಜ್ಜುತ್ತ ಕಾಯುತ್ತಿರುತ್ತದೆ. ಇಷ್ಟನ್ನೂ ನೋಡಲು ಒಂದು ರೂಪಾಯಿ ಖರ್ಚಿಲ್ಲ. ಬ್ರೇಕ್ ಕೆಲಸ ಮನೆಯಲ್ಲಿ ಮಾಡುವುದರ ದೊಡ್ಡ ಲಾಭ ಎಂದರೆ ಗಾಡಿಯ ಒಡೆಯ ವರ್ಷಕ್ಕೊಮ್ಮೆಯಾದರೂ ಇವನ್ನೆಲ್ಲ ತನ್ನ ಕಣ್ಣಿಂದ ಕಾಣುತ್ತಾನೆ.

ಆಯಿಲಿನ ವಿಚಾರ ಎಲ್ಲಕ್ಕಿಂತ ನಿರ್ಲಕ್ಷ್ಯಕ್ಕೆ ಒಳಗಾದದ್ದು. ಬ್ರೇಕ್ ಆಯಿಲು ಎನ್ನುತ್ತೇವೆಯೇ ಹೊರತು ಅದರಲ್ಲಿ ಎಣ್ಣೆಯ ಅಂಶವಿಲ್ಲ. ಅದು ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ತಾಳಬೇಕು, ಡಾಟ್ 4 ಆದರೆ 230. ಸುಮಾರು ನೂರಕ್ಕೆ ನಾಲ್ಕರಷ್ಟು ನೀರು ಹೀರಿದ ಮೇಲೆ ಅದೇ ಅಂಕಿಗಳು 140ಕ್ಕೂ 155ಕ್ಕೂ ಇಳಿಯುತ್ತವೆ. ಬಿಸಿಯಾದ ಬ್ರೇಕಿನಲ್ಲಿ ದ್ರವ ಕುದಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಅಮುಕಿಕೊಳ್ಳುತ್ತದೆ, ಪೆಡಲು ನೆಲ ಮುಟ್ಟುತ್ತದೆ. ಎಷ್ಟೇ ದುಬಾರಿ ಪ್ಯಾಡು ಹಾಕಿದ್ದರೂ ಆಗ ಅದಕ್ಕೆ ಒತ್ತಡವೇ ತಲುಪದು. ಮುಳ್ಳಯ್ಯನಗಿರಿಗೋ ಶಿರಾಡಿ ಘಾಟಿಗೋ ಸಂಸಾರ ಸಮೇತ ಹೊರಡುವ ಹಳೆಯ ಗಾಡಿಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ದ್ರವ ಹತ್ತು ವರ್ಷದಿಂದ ಕಪ್ಪಾಗಿ ಕೂತಿರುವ ಗಾಡಿಗಳು ಅಪರೂಪವಲ್ಲ, ಅದರ ಬಾಟಲಿ ಮಾತ್ರ ಒಳ್ಳೆಯ ಪ್ಯಾಡಿಗಿಂತ ಅಗ್ಗ. ಡಬ್ಬಿಯಲ್ಲಿ ಮಟ್ಟ ಇಳಿದಿದೆಯೆಂದು ಸುಮ್ಮನೆ ತುಂಬಿಸುವುದೂ ತಪ್ಪು. ಪ್ಯಾಡು ಸವೆದಂತೆ ಮಟ್ಟ ತಾನಾಗಿ ಇಳಿಯುತ್ತದೆ, ಥಟ್ಟನೆ ಇಳಿದರೆ ಎಲ್ಲೋ ಸೋರುತ್ತಿದೆ. ಇಂಜಿನ್ ಆಯಿಲನ್ನಂತೂ ಒಂದು ಹನಿಯೂ ಸೇರಿಸಬೇಡಿ, ಒಳಗಿನ ರಬ್ಬರು ಸೀಲುಗಳೆಲ್ಲ ಊದಿ ಹಾಳಾಗುತ್ತವೆ. ಹೊಸ ದ್ರವ ತುಂಬಿ ಪೈಪಿನೊಳಗಿನ ಏರ್ ತೆಗೆಯುವಾಗ ಹಳೆಯ ಗಾಡಿಗೇ ಸಲ್ಲುವ ಒಂದು ಎಚ್ಚರ ಬೇಕು. ದಿನವೂ ಪೆಡಲು ಅರ್ಧ ದಾರಿ ಮಾತ್ರ ಹೋಗುವುದರಿಂದ ಮಾಸ್ಟರ್ ಸಿಲಿಂಡರಿನ ಉಳಿದ ಅರ್ಧದಲ್ಲಿ ತುಕ್ಕು, ಕಿಟ್ಟ ಕಟ್ಟಿರುತ್ತದೆ. ಏರ್ ತೆಗೆಯುವ ಭರದಲ್ಲಿ ಪೆಡಲನ್ನು ನೆಲಕ್ಕೆ ತುಳಿದರೆ ಸೀಲು ಆ ಒರಟು ಜಾಗದ ಮೇಲೆ ಹರಿದು ಕೆತ್ತಿಹೋಗುತ್ತದೆ, ಚೆನ್ನಾಗಿದ್ದ ಸಿಲಿಂಡರು ಅಂದೇ ಕೈಕೊಡುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಈ ನಷ್ಟ ತಪ್ಪುತ್ತದೆ.

ಹಾಗಾದರೆ ಎಲ್ಲವನ್ನೂ ಮನೆಯಲ್ಲೇ ಮಾಡಬಹುದೇ? ನನ್ನ ಅಭಿಪ್ರಾಯದಲ್ಲಿ ಗೆರೆ ಎಳೆಯಬೇಕಾದ್ದು ಹಿಂದಿನ ಚಕ್ರಗಳ ಡ್ರಮ್ ಬ್ರೇಕಿನ ಬಳಿ. ಡ್ರಮ್ಮನ್ನು ಬಿಚ್ಚಿ ನೋಡಿ, ವೀಲ್ ಸಿಲಿಂಡರಿನ ರಬ್ಬರು ಟೋಪಿಯ ಸುತ್ತ ಒದ್ದೆಯಿದೆಯೇ ಎಂದು ಪರೀಕ್ಷಿಸಿ. ಆದರೆ ಪ್ಯಾಡಿನ ಜಾಗದಲ್ಲಿ ಅಲ್ಲಿರುವ ಶೂ ಬದಲಿಸುವುದನ್ನು, ಸಿಲಿಂಡರು ಕಿಟ್ ಹಾಕುವುದನ್ನು, ಲೋಹದ ಪೈಪು ಜೋಡಿಸುವುದನ್ನು ಮೊದಲ ಸಲವಾದರೂ ತಿಳಿದವರ ಕೈಗೆ ಬಿಡಿ. ಅಲ್ಲಿ ಸ್ಪ್ರಿಂಗುಗಳು ಹಲವು, ಎಡದ ಅಡ್ಜಸ್ಟರು ಬಲಕ್ಕೆ ಕೂರಬಾರದು, ತಪ್ಪಿದರೆ ತಕ್ಷಣಕ್ಕೆ ಗೊತ್ತಾಗುವುದೂ ಇಲ್ಲ. ಇನ್ನೊಂದು ಕಾರಣ ಧೂಳು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಅದರ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಡ್ರಮ್ಮಿನೊಳಗಿನ ಕಪ್ಪು ಧೂಳನ್ನು ಬಾಯಿಂದ ಊದುವುದು, ಪಂಕ್ಚರ್ ಅಂಗಡಿಯ ಗಾಳಿಯಿಂದ ಹಾರಿಸುವುದು ಎರಡೂ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ, ಮಕ್ಕಳು ಹತ್ತಿರ ಸುಳಿಯದಿರಲಿ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೆಕ್ಯಾನಿಕ್‌ಗಳ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀರಿ ಎಂಬುದು ಒಂದು. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ದುಡಿಯುವವರೂ ನಮ್ಮೂರ ಹುಡುಗರೇ. ಆದರೆ ಆ ಗ್ಯಾರೇಜಿನ ಕಷ್ಟ ಏನೆಂದರೆ, ಗಿರಾಕಿ ಬಂದ ಕೂಡಲೇ ಕೇಳುವುದು ಒಟ್ಟು ಎಷ್ಟಾಗುತ್ತದೆ ಎಂದು. ಒಟ್ಟು ಮೊತ್ತ ಇಳಿಸಬೇಕಾದಾಗ ಕೂಲಿ ಇಳಿಸಲು ಅವರಿಗೆ ಆಗದು, ಆದ್ದರಿಂದ ಇಳಿಯುವುದು ಪ್ಯಾಡಿನ ದರ್ಜೆ. ಅಗ್ಗದ ಮಾಲು ಮೆಕ್ಯಾನಿಕ್‌ನ ದುರಾಸೆಯಿಂದ ಬರುತ್ತದೆ ಎನ್ನುವುದಕ್ಕಿಂತ ನಮ್ಮ ಚೌಕಾಸಿಯಿಂದ ಬರುತ್ತದೆ ಎನ್ನುವುದೇ ಸರಿ. ಸುಲಭದ ಪ್ಯಾಡನ್ನು ನೀವು ಬದಲಿಸಿಕೊಂಡು, ಡ್ರಮ್ಮಿನ ಕೆಲಸವನ್ನು ಅವರಿಗೆ ನ್ಯಾಯವಾದ ಕೂಲಿ ಕೊಟ್ಟು, ನೀವೇ ಕೊಂಡ ಒಳ್ಳೆಯ ಸಾಮಾನು ಕೊಟ್ಟು ಮಾಡಿಸಿದರೆ ಅವರಿಗೂ ನಷ್ಟವಿಲ್ಲ. ಮನೆಯಲ್ಲಿ ಮಾಡುವ ಧೈರ್ಯ ಯಾರಿಗೆ ಇಲ್ಲವೋ ಅವರು ಇದೇ ಲೆಕ್ಕವನ್ನು ಗ್ಯಾರೇಜಿನಲ್ಲೂ ಹಾಕಬಹುದು.

ಎರಡನೆಯ ಆಕ್ಷೇಪ ಅಂಕಿಅಂಶದ್ದು, ಓದಿಕೊಂಡವರು ಎತ್ತುವಂಥದು. ಅಮೆರಿಕದಲ್ಲಿ 2005–07ರಲ್ಲಿ ನಡೆದ ದೊಡ್ಡ ಅಪಘಾತ ಸಮೀಕ್ಷೆಯೊಂದರ ಪ್ರಕಾರ ಗಾಡಿಯ ದೋಷ ನಿರ್ಣಾಯಕ ಕಾರಣವಾದದ್ದು ನೂರರಲ್ಲಿ ಎರಡು ಅಪಘಾತಗಳಲ್ಲಿ ಮಾತ್ರ, ಅದರೊಳಗೂ ಬ್ರೇಕಿನ ಪಾಲು ಸುಮಾರು ಐದರಲ್ಲೊಂದು. ನಮ್ಮಲ್ಲೂ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ಹೆಚ್ಚಿನವರನ್ನು ಕೇಂದ್ರ ಸಾರಿಗೆ ಇಲಾಖೆಯ ವರದಿ ಅತಿವೇಗದ ಕಾಲಮ್ಮಿಗೆ ಬರೆಯುತ್ತದೆ. ಹಾಗಿದ್ದರೆ ಬ್ರೇಕಿನ ಬಗ್ಗೆ ಇಷ್ಟು ರಂಪ ಏಕೆ? ಏಕೆಂದರೆ ಆ ಲೆಕ್ಕಗಳು ಎಣಿಸುವುದು ಕೈಕೊಟ್ಟ ಬ್ರೇಕನ್ನು. ಅರ್ಧ ಹಿಡಿಯುವ ಬ್ರೇಕು ಯಾವ ಕಾಲಮ್ಮಿನಲ್ಲೂ ಬೀಳುವುದಿಲ್ಲ. 58 ಮೀಟರಿನಲ್ಲಿ ನಿಲ್ಲಬೇಕಾದ ಕಾರು 94 ಮೀಟರು ತೆಗೆದುಕೊಂಡು ಗುದ್ದಿದಾಗ ಅದನ್ನೂ ಅತಿವೇಗ ಎಂದೇ ಬರೆಯುತ್ತಾರೆ, ಮಹಜರಿಗೆ ಬಂದವರು ಪ್ಯಾಡನ್ನು ಬಿಚ್ಚಿ ನೋಡುವುದು ಅಪರೂಪ. ಯಾವ ವೇಗ ಅತಿ ಎಂಬುದು ರಸ್ತೆಯಷ್ಟೇ ಬ್ರೇಕಿನ ಮೇಲೂ ನಿಂತಿದೆ. ಅಮೆರಿಕದ ರಸ್ತೆಯಲ್ಲಿನ ಗಾಡಿಗಳ ವಯಸ್ಸು, ಸೇರುವ ಅಡ್ಡರಸ್ತೆಗಳು, ನಡುವೆ ಬರುವ ದನ ಇವು ಬೇರೆ ಎಂಬುದನ್ನೂ ಮರೆಯಬಾರದು.

ನಾನು ನಿಧಾನವಾಗಿ ಓಡಿಸುತ್ತೇನೆ, ನನಗೆ ಇಷ್ಟು ಸಾಕು ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ನಿಧಾನವಾಗಿ ಓಡಿಸುವವರೂ ತುರ್ತಿನಲ್ಲಿ ಬ್ರೇಕ್ ಒತ್ತುವುದು ಬೇರೆಯವರ ವೇಗಕ್ಕೆ. ಮೂವತ್ತು ನಲವತ್ತು ಸಾವಿರಕ್ಕೆ ಹೋಗುವ ಗಾಡಿಗೆ ಬ್ರೇಕಿಗೇ ಎರಡು ಮೂರು ಸಾವಿರ ಹಾಕಬೇಕೇ ಎಂಬ ಪ್ರಶ್ನೆ ಮಾತ್ರ ಕೊಂಚ ಗಂಭೀರವಾದದ್ದು. ಆದರೆ ಬ್ರೇಕು ಕಾಯುವುದು ಗಾಡಿಯ ಬೆಲೆಯನ್ನಲ್ಲವಲ್ಲ. ಗಾಡಿ ಹಳೆಯದಾದಷ್ಟೂ ಅದರಲ್ಲಿ ಏರ್‌ಬ್ಯಾಗ್ ಇರುವುದಿಲ್ಲ, ಎಬಿಎಸ್ ಇರುವುದಿಲ್ಲ, ಮುಂಭಾಗ ತೆಳ್ಳಗೆ. ಗುದ್ದಿದ ಮೇಲೆ ಕಾಪಾಡುವ ಏರ್ಪಾಡು ಕಡಿಮೆಯಿದ್ದಷ್ಟೂ ಗುದ್ದದಂತೆ ನಿಲ್ಲಿಸುವ ಏರ್ಪಾಡು ಗಟ್ಟಿಯಾಗಿರಬೇಕು. ಹೊಸ ಕಾರಿಗಿಂತ ಹಳೆಯದಕ್ಕೇ ಒಳ್ಳೆಯ ಪ್ಯಾಡು ಬೇಕು ಎಂದರೆ ವಿಚಿತ್ರವೆನಿಸಬಹುದು, ಲೆಕ್ಕ ಮಾತ್ರ ಹಾಗೆಯೇ ಇದೆ. ಕಾನೂನು ಕೂಡ ವಯಸ್ಸು ನೋಡಿ ರಿಯಾಯಿತಿ ಕೊಡುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೆಯ ನಿಯಮ ಕಾರಿಗೆ ಒಂದನ್ನೊಂದು ಅವಲಂಬಿಸದ ಎರಡು ಸಮರ್ಥ ಬ್ರೇಕು ಬೇಕೆನ್ನುತ್ತದೆ, ಕಾಲಿನದೂ ನಿಲುಗಡೆಯದೂ. ಅಂದರೆ ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವ ಗಾಡಿ ನಿಯಮದ ಪ್ರಕಾರ ಓಡಲೇಬಾರದು. ಆರ್‌ಟಿಒ ಪರೀಕ್ಷೆಯಲ್ಲಿ ಪಾಸಾಯಿತು ಎಂಬುದೂ ಪೂರ್ತಿ ಭರವಸೆಯಲ್ಲ. ಅಲ್ಲಿ ಚಕ್ರ ಬಿಚ್ಚಿ ಪ್ಯಾಡು ಅಳೆಯುವುದಿಲ್ಲ.

ಹೊಸ ಪ್ಯಾಡು ಹಾಕಿದ ಮೇಲೆ ಒಂದು ಕೆಲಸ ಬಾಕಿ ಉಳಿಯುತ್ತದೆ, ಗ್ಯಾರೇಜಿನಲ್ಲೂ ಇದನ್ನು ಸಾಮಾನ್ಯವಾಗಿ ಮಾಡಿಕೊಡುವುದಿಲ್ಲ. ಬೆಳಗಿನ ಹೊತ್ತು, ಹಿಂದೆ ಯಾರೂ ಬರದ ಮಾಗಡಿ ಕಡೆಯ ನೇರ ರಸ್ತೆಯಲ್ಲಿ ಐವತ್ತರ ವೇಗದಿಂದ ಹತ್ತು ಹದಿನೈದಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಎಂಟು ಹತ್ತು ಬಾರಿ ಬ್ರೇಕ್ ಒತ್ತಿ, ನಡುನಡುವೆ ತಣ್ಣಗಾಗಲು ಬಿಡಿ. ಪ್ಯಾಡಿನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂರುವವರೆಗೆ ಪೂರ್ತಿ ಹಿಡಿತ ಸಿಗದು. ಅಲ್ಲಿಯವರೆಗೆ ಹೆದ್ದಾರಿಗೆ ಇಳಿಯಬೇಡಿ. ನೂರು ಕಿಲೋಮೀಟರಿನೊಳಗೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ, ಒಂದರ ಎದುರಿನದು ಒಂದರಂತೆ.

ಕೊನೆಗೆ ಒಂದು ಸಲಹೆ. ಎರಡು ಜಾಕ್ ಸ್ಟ್ಯಾಂಡು, ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಒಂದು ಟಾರ್ಕ್ ರೆಂಚು, ಒಂದು ಜಿ-ಕ್ಲ್ಯಾಂಪು, ಒಂದು ಪೊಟ್ಟಣ ಬ್ರೇಕ್ ಗ್ರೀಸು: ಇವು ಒಂದೊಂದು ಮನೆಗೂ ವರ್ಷಕ್ಕೆ ಒಂದೆರಡು ದಿನ ಮಾತ್ರ ಬೇಕಾಗುವ ವಸ್ತುಗಳು. ಊರಿಗೆ ಹತ್ತು ಹಳೆಯ ಗಾಡಿಗಳಿದ್ದರೆ ಹತ್ತು ಮನೆಯವರು ಸೇರಿ ಒಂದು ಜೊತೆ ಕೊಂಡಿಟ್ಟುಕೊಳ್ಳಬಹುದು, ಔಷಧ ಸಿಂಪಡಿಸುವ ಯಂತ್ರವನ್ನು ಕೈಬದಲಿ ಬಳಸುವವರಿಗೆ ಇದೇನೂ ಹೊಸದಲ್ಲ. ಯಾರ ಮನೆಯಲ್ಲಿ ಇಡಬೇಕೆಂದು ನೀವೇ ತೀರ್ಮಾನಿಸಿ. ಟಾರ್ಕ್ ರೆಂಚನ್ನು ಮಾತ್ರ ಬಿಗಿದ ನಟ್ಟು ಬಿಚ್ಚಲು ಬಳಸುವವರ ಕೈಗೆ ಕೊಡಬೇಡಿ, ಅದರ ಅಳತೆ ಕೆಡುತ್ತದೆ.